ಓದುಗರ ಪ್ರಶ್ನೆ: ಸಾಕು ಸರೀಸೃಪಕ್ಕಾಗಿ ಮನೆಯಲ್ಲೇ ಚಿಮ್ಮಂಡೆ ಬೆಳೆಸುವುದು

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇವೆ. ನಮ್ಮ ಮಗ ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿಯಂತಹ ಸರೀಸೃಪದ ಮರಿಯೊಂದನ್ನು ಸಾಕುತ್ತಿದ್ದಾನೆ. ಅದಕ್ಕೆ ದಿನವೂ ಜೀವಂತ ಚಿಮ್ಮಂಡೆಗಳು ಬೇಕು. ಇಲ್ಲಿನ ಅಂಗಡಿಗಳಲ್ಲಿ ಕ್ರಿಕೆಟ್ ಹುಳು ಎಂದು ಮಾರುವ ಇವನ್ನು ತಂದರೆ ಎರಡು ಮೂರು ದಿನಗಳಲ್ಲಿ ಅರ್ಧದಷ್ಟು ಸಾಯುತ್ತವೆ, ಡಬ್ಬವೂ ನಾರುತ್ತದೆ. ಮನೆಯಲ್ಲೇ ಇವುಗಳ ಸಂತಾನ ಬೆಳೆಸುವುದು ಸಾಧ್ಯವೇ? ಅಂಗಡಿಯ ಹುಳುವಿಗಿಂತ ಅದರಿಂದ ನಮ್ಮ ಪ್ರಾಣಿಗೆ ಹೆಚ್ಚಿನ ಲಾಭವಿದೆಯೇ?
— ಒಬ್ಬ ತಾಯಿ, ನ್ಯೂಜೆರ್ಸಿ

ಉತ್ತರ: ಸಾಧ್ಯವಿದೆ, ಲಾಭವೂ ಇದೆ, ಆದರೆ ಆರಂಭಿಸುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ಆಸ್ಟ್ರೇಲಿಯಾ ಮೂಲದ ಈ ಪ್ರಾಣಿ ನಮ್ಮ ಊರುಗಳ ಬೇಲಿಯ ಮೇಲೆ ತಲೆಯಾಡಿಸುವ ಓತಿಕ್ಯಾತನ ಕುಟುಂಬಕ್ಕೇ ಸೇರಿದ್ದು. ಮರಿಯಾಗಿದ್ದಾಗ ಮುಖ್ಯವಾಗಿ ಹುಳುಗಳನ್ನೇ ತಿನ್ನುವ ಅದು, ಒಂದು ವರ್ಷ ದಾಟಿದ ಮೇಲೆ ಬಹುಪಾಲು ಸೊಪ್ಪು ತರಕಾರಿಗಳಿಗೆ ಹೊಂದಿಕೊಳ್ಳುತ್ತದೆ. ಆಗ ವಾರದಲ್ಲಿ ಕೆಲವು ಬಾರಿ ಹುಳು ಕೊಟ್ಟರೆ ಸಾಕು. ಚಿಮ್ಮಂಡೆಗಳ ಒಂದು ತಲೆಮಾರು ಬೆಳೆದು ಕೈಗೆ ಬರಲು ಸುಮಾರು ಎರಡು ತಿಂಗಳು ಬೇಕು. ನಿಮ್ಮ ಮರಿಗೆ ಈಗಾಗಲೇ ಎಂಟು ಒಂಬತ್ತು ತಿಂಗಳಾಗಿದ್ದರೆ ಸಂತಾನ ಬೆಳೆಸುವ ಶ್ರಮಕ್ಕಿಂತ, ತಂದ ಹುಳುಗಳನ್ನು ಸಾಯದಂತೆ ನೋಡಿಕೊಳ್ಳುವುದನ್ನು ಕಲಿಯುವುದೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಎರಡಕ್ಕೂ ಬೇಕಾದ ತಿಳಿವಳಿಕೆ ಒಂದೇ. ಚಿಮ್ಮಂಡೆಗಳನ್ನು ಕೊಲ್ಲುವುದು ಹೆಚ್ಚಾಗಿ ಹಸಿವಲ್ಲ; ಗಾಳಿಯಾಡದ ಇಕ್ಕಟ್ಟು, ತೇವ ಮತ್ತು ಹಿಕ್ಕೆಯಿಂದ ಏಳುವ ಅಮೋನಿಯ. ಆದುದರಿಂದ ಅಂಗಡಿಯವರು ಕೊಟ್ಟ ಚಿಕ್ಕ ಡಬ್ಬದಿಂದ ಅವನ್ನು ಅಂದೇ ಹೊರತೆಗೆದು, ಐವತ್ತು ಅರವತ್ತು ಲೀಟರ್ ಹಿಡಿಯುವ, ನುಣುಪಾದ ಗೋಡೆಯ ಪ್ಲಾಸ್ಟಿಕ್ ಪೆಟ್ಟಿಗೆಗೆ ಬಿಡಿ. ಮುಚ್ಚಳದಲ್ಲಿ ದೊಡ್ಡ ಕಿಂಡಿ ಕೊರೆದು ಲೋಹದ ಜಾಲರಿಯನ್ನೇ ಹಾಕಬೇಕು, ಏಕೆಂದರೆ ನೈಲಾನ್ ಜಾಲರಿಯನ್ನು ಅವು ಕಡಿದು ಹೊರಬರುತ್ತವೆ. ಒಳಗೆ ರಟ್ಟಿನ ಮೊಟ್ಟೆ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಿದರೆ ಹುಳುಗಳಿಗೆ ಅಡಗಲು ಜಾಗ ಸಿಗುತ್ತದೆ, ಹಿಕ್ಕೆಯೂ ಕೆಳಗೆ ಉದುರುತ್ತದೆ. ತಳಕ್ಕೆ ಏನನ್ನೂ ಹರಡದೆ ಬರಿದಾಗಿ ಬಿಟ್ಟು, ವಾರಕ್ಕೊಮ್ಮೆ ಒಣಗಿದ ಹಿಕ್ಕೆ, ಕಳಚಿದ ಪೊರೆ, ಸತ್ತ ಹುಳು ಎಲ್ಲವನ್ನೂ ಗುಡಿಸಿ ತೆಗೆಯಿರಿ. ಬಟ್ಟಲಿನಲ್ಲಿ ನೀರಿಡಬೇಡಿ, ಅದರಲ್ಲಿ ಮುಳುಗಿ ಸಾಯುತ್ತವೆ. ಒದ್ದೆ ಹತ್ತಿ, ಸ್ಪಂಜು ಅಥವಾ ಅಂಗಡಿಯಲ್ಲಿ ದೊರೆಯುವ ನೀರಿನ ಜೆಲ್ ಸಾಕು. ಹತ್ತಿಯನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು.

ಸಂತಾನ ಬೆಳೆಸುವುದಾದರೆ ಗಂಡು ಹೆಣ್ಣುಗಳನ್ನು ಗುರುತಿಸುವುದು ಸುಲಭ. ಪೂರ್ಣ ರೆಕ್ಕೆ ಬಂದ ಹೆಣ್ಣಿನ ಹಿಂಭಾಗದಲ್ಲಿ ಮೊಟ್ಟೆಯಿಡಲು ಬಳಸುವ, ಸೂಜಿಯಂತಹ ಉದ್ದನೆಯ ಕೊಳವೆ ಕಾಣುತ್ತದೆ. ಗಂಡಿಗೆ ಅದಿಲ್ಲ, ರೆಕ್ಕೆ ಉಜ್ಜಿ ಸದ್ದು ಮಾಡುವುದು ಗಂಡು ಮಾತ್ರ. ನಾಲ್ಕೈದು ಸೆಂಟಿಮೀಟರ್ ಆಳದ ಡಬ್ಬದಲ್ಲಿ ತೇವವಾದ ತೆಂಗಿನ ನಾರಿನ ಪುಡಿಯನ್ನು ತುಂಬಿ ಪೆಟ್ಟಿಗೆಯೊಳಗೆ ಇಡಿ. ಹಿಡಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ತೇವ. ಅದರ ಮೇಲೆ ಜಾಲರಿಯೊಂದನ್ನು ಮುಚ್ಚಿದರೆ ಹೆಣ್ಣು ಆ ಕೊಳವೆಯನ್ನು ತೂರಿಸಿ ಮೊಟ್ಟೆಯಿಡುತ್ತದೆ, ಉಳಿದವು ಅಗೆದು ಆ ಮೊಟ್ಟೆಗಳನ್ನು ತಿನ್ನಲಾರವು. ಎರಡು ಮೂರು ದಿನಗಳ ನಂತರ ಆ ಡಬ್ಬವನ್ನು ಬೇರೆ ಪೆಟ್ಟಿಗೆಗೆ ಸಾಗಿಸಿ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹತ್ತು ದಿನಗಳ ಆಸುಪಾಸಿನಲ್ಲಿ ಮರಿಗಳು ಹೊರಬರುತ್ತವೆ. ತಂಪಿದ್ದರೆ ಬಹಳ ತಡವಾಗುತ್ತದೆ. ನಿಮ್ಮಲ್ಲಿನ ಚಳಿಗಾಲದಲ್ಲಿ ಬಿಸಿ ನೀಡುವ ಮ್ಯಾಟ್ ಬೇಕಾದೀತು. ಅದನ್ನು ಮೊಟ್ಟೆ ಡಬ್ಬದ ಅಡಿಯಲ್ಲಿಟ್ಟರೆ ತೇವ ಆರಿ ಮೊಟ್ಟೆಗಳು ಒಣಗುತ್ತವೆ. ಆದ್ದರಿಂದ ಪೆಟ್ಟಿಗೆಯ ಪಕ್ಕಕ್ಕೆ ಅಂಟಿಸಿ, ಥರ್ಮೋಸ್ಟಾಟ್ ಇಲ್ಲದೆ ಬಳಸಲೇಬೇಡಿ.

ಆಗಷ್ಟೇ ಹೊರಬಂದ ಮರಿ ಇರುವೆಗಿಂತಲೂ ಚಿಕ್ಕದು. ಮನೆಯಲ್ಲಿ ಬೆಳೆಸಲು ಹೊರಟವರು ಹೆಚ್ಚಾಗಿ ಸೋಲುವುದು ಈ ಮೊದಲ ವಾರದಲ್ಲಿಯೇ. ಒಂದು ಹನಿ ನೀರಿನಲ್ಲಿ ಅವು ಮುಳುಗುತ್ತವೆ, ಅರ್ಧ ದಿನ ನೀರಿಲ್ಲದಿದ್ದರೆ ಒಣಗಿ ಸಾಯುತ್ತವೆ. ಒದ್ದೆ ಕಾಗದದ ಟವಲ್, ತೆಳುವಾಗಿ ಹೆಚ್ಚಿದ ಕ್ಯಾರೆಟ್, ನುಣ್ಣಗೆ ಪುಡಿ ಮಾಡಿದ ಮೇವು — ಇಷ್ಟನ್ನು ಬೆಳಿಗ್ಗೆ ಸಂಜೆ ನೋಡಿಕೊಳ್ಳುವವರಿದ್ದರೆ ಬದುಕುತ್ತವೆ. ಎರಡು ವಾರಕ್ಕೊಮ್ಮೆ ಹೊಸ ಮೊಟ್ಟೆ ಡಬ್ಬ ಇಡುತ್ತ ಬಂದರೆ ಬೇರೆ ಬೇರೆ ಗಾತ್ರದ ಹುಳುಗಳು ಸದಾ ಸಿಗುತ್ತವೆ. ರೆಕ್ಕೆ ಬಲಿಯುವ ಮೊದಲೇ ತಿನ್ನಿಸಲು ಬಳಸಿಕೊಂಡರೆ ರಾತ್ರಿಯ ಸದ್ದಿನ ತೊಂದರೆಯೂ ಕಡಿಮೆಯಾಗುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಇದೇ. ಚಿಮ್ಮಂಡೆಯ ದೇಹದಲ್ಲಿ ರಂಜಕವು ಕ್ಯಾಲ್ಸಿಯಂಗಿಂತ ಹಲವು ಪಟ್ಟು ಹೆಚ್ಚು. ಸರೀಸೃಪಕ್ಕೆ ಬೇಕಾದದ್ದು ಇದಕ್ಕೆ ವಿರುದ್ಧವಾದ, ಕ್ಯಾಲ್ಸಿಯಂ ಹೆಚ್ಚಿರುವ ಆಹಾರ. ಈ ಕೊರತೆ ಮುಂದುವರಿದರೆ ಪ್ರಾಣಿ ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳತೊಡಗಿ, ದವಡೆ ಮೆತ್ತಗಾಗುವುದು, ಕಾಲುಗಳು ಊದಿ ಬಾಗುವುದು, ನಡುಕ ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಹಸಿದ ಚಿಮ್ಮಂಡೆ ಬರಿಯ ಸಿಪ್ಪೆಯಿದ್ದಂತೆ. ಅದರ ಹೊಟ್ಟೆಯಲ್ಲಿ ಏನಿದೆಯೋ ಅದೇ ನಿಮ್ಮ ಪ್ರಾಣಿಗೂ ಸೇರುತ್ತದೆ. ಸಾಮಾನ್ಯ ದಿನಗಳಲ್ಲಿ ಕೋಳಿಮರಿಗಳ ಮೇವಿನ ಪುಡಿ, ಗೋಧಿ ಬೂಸಾ, ಕ್ಯಾರೆಟ್, ಸಿಹಿಗೆಣಸು, ಚೆನ್ನಾಗಿ ತೊಳೆದ ಸೊಪ್ಪು ಕೊಡಿ. ಸೊಪ್ಪಿಗೆ ಅಂಟಿದ ಕೀಟನಾಶಕ ಇಡೀ ಪೆಟ್ಟಿಗೆಯನ್ನು ಒಂದೇ ದಿನದಲ್ಲಿ ಕೊಲ್ಲಬಲ್ಲದು. ಪ್ರಾಣಿಗೆ ತಿನ್ನಿಸುವ ಮುಂಚಿನ ಒಂದೆರಡು ದಿನ, ಆಯಾ ದಿನಕ್ಕೆ ಬೇಕಾದ ಹುಳುಗಳನ್ನು ಪ್ರತ್ಯೇಕಿಸಿ ಕ್ಯಾಲ್ಸಿಯಂ ಹೆಚ್ಚಿರುವ ವಿಶೇಷ ಮೇವನ್ನು ತಿನ್ನಿಸಿ. ಆ ಮೇವನ್ನು ಬಹಳ ದಿನ ಕೊಟ್ಟರೆ ಚಿಮ್ಮಂಡೆಗಳೇ ಉಳಿಯುವುದಿಲ್ಲವಾದ್ದರಿಂದ ಇಡೀ ಪೆಟ್ಟಿಗೆಗೆ ಹಾಕಬಾರದು. ಇದರ ಮೇಲೆ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿಯನ್ನು ಹುಳುಗಳಿಗೆ ಸವರಿ ಕೂಡಲೇ ಕೊಡಿ. ತಡವಾದರೆ ಅವು ಮೈ ಒರೆಸಿಕೊಂಡು ಪುಡಿಯನ್ನು ಉದುರಿಸಿಬಿಡುತ್ತವೆ.

ಇಷ್ಟೆಲ್ಲ ಮಾಡಿದರೂ ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣಗಳಿಲ್ಲದಿದ್ದರೆ ಪ್ರಾಣಿಯ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗುವುದಿಲ್ಲ, ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಗಾಜು ಆ ಕಿರಣಗಳನ್ನು ಬಹುತೇಕ ತಡೆಯುವುದರಿಂದ ಕಿಟಕಿಯ ಬಳಿ ಪ್ರಾಣಿಯ ಗೂಡನ್ನು ಇಟ್ಟರೆ ಪ್ರಯೋಜನವಿಲ್ಲ. ಯುವಿಬಿ ದೀಪವೇ ಬೇಕು. ಬೆಳಕು ಉರಿಯುತ್ತಿದ್ದರೂ ಅದರ ಯುವಿಬಿ ಕ್ರಮೇಣ ಕುಂದುತ್ತದೆ, ಆದುದರಿಂದ ತಯಾರಕರು ಹೇಳಿದ ಅವಧಿಗೆ ದೀಪವನ್ನು ಬದಲಿಸಿ.

ಪ್ರಾಣಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳುವನ್ನು ಕೊಡಬೇಡಿ. ಹತ್ತು ಹದಿನೈದು ನಿಮಿಷಗಳಲ್ಲಿ ತಿನ್ನದೆ ಬಿಟ್ಟ ಹುಳುಗಳನ್ನು ಹೊರತೆಗೆಯಿರಿ. ರಾತ್ರಿ ಮಲಗಿದ ಮರಿಯನ್ನು ಅವು ಕಚ್ಚಿ ಗಾಯಗೊಳಿಸುತ್ತವೆ. ಬೇಸಿಗೆಯ ಸಂಜೆ ನಿಮ್ಮ ಹಿತ್ತಲಿನಲ್ಲಿ ಹಾರಾಡುವ ಮಿಂಚುಹುಳುಗಳನ್ನು ಮಗ ಹಿಡಿದು ತಿನ್ನಿಸದಂತೆ ದಯವಿಟ್ಟು ಎಚ್ಚರ ವಹಿಸಿ. ಅಮೆರಿಕದ ಮಿಂಚುಹುಳುಗಳಲ್ಲಿರುವ ವಿಷದಿಂದ ಬಿಯರ್ಡೆಡ್ ಡ್ರ್ಯಾಗನ್‌ಗಳು ಸತ್ತಿವೆ, ಒಂದೇ ಹುಳುವೂ ಸಾಕಾಗಬಹುದು. ಮನೆಯಲ್ಲಿ ಯಾರಿಗಾದರೂ ಸೀಗಡಿ ತಿಂದರೆ ಅಲರ್ಜಿಯಾಗುವುದಿದ್ದರೆ ಚಿಮ್ಮಂಡೆಯ ದೂಳಿನಿಂದಲೂ ಆಗಬಹುದು. ಪೆಟ್ಟಿಗೆ ಶುಚಿ ಮಾಡುವವರು ಮಾಸ್ಕ್ ಧರಿಸಲಿ.

ಪ್ರಶ್ನೆ: ಚೆನ್ನಾಗಿ ಬೆಳೆಯುತ್ತಿದ್ದ ಚಿಮ್ಮಂಡೆಗಳು ರೆಕ್ಕೆ ಬರುವ ಹೊತ್ತಿಗೆ ಬೆನ್ನಡಿಯಾಗಿ ಬಿದ್ದು, ಕಾಲಾಡಿಸುತ್ತ, ಸಾಲು ಸಾಲಾಗಿ ಸಾಯುತ್ತಿವೆ. ಶುಚಿತ್ವದಲ್ಲಿ ಕೊರತೆಯಿಲ್ಲ. ಕಾರಣವೇನು?
— ಒಬ್ಬ ಓದುಗರು, ಲಂಡನ್

ಉತ್ತರ: ನೀವು ಹೇಳಿದ ಲಕ್ಷಣಗಳು ಡೆನ್ಸೊವೈರಸ್ ಸೋಂಕಿಗೆ ಹೊಂದುತ್ತವೆ. ಅಂಗಡಿಗಳಲ್ಲಿ ದೊರೆಯುವ ಕಂದು ಬಣ್ಣದ ಮನೆ ಚಿಮ್ಮಂಡೆಗೆ, ಅಂದರೆ ಅಕೀಟಾ ಡೊಮೆಸ್ಟಿಕಸ್ ಜಾತಿಗೆ, ಇದು ಮಾರಕ. ಯುರೋಪಿನ ಸಾಕಣೆ ಕೇಂದ್ರಗಳನ್ನು ಮೊದಲೇ ಕಾಡಿದ್ದ ಈ ವೈರಸ್ 2009–10ರ ಸುಮಾರಿಗೆ ಉತ್ತರ ಅಮೆರಿಕದ ಅನೇಕ ಕೇಂದ್ರಗಳನ್ನೂ ನೆಲಕಚ್ಚಿಸಿತು. ಸರೀಸೃಪಗಳಿಗಾಗಲಿ ಮನುಷ್ಯರಿಗಾಗಲಿ ಇದರಿಂದ ರೋಗ ಬಂದದ್ದು ಕಂಡುಬಂದಿಲ್ಲ. ಔಷಧವಿಲ್ಲ. ಉಳಿದ ಹುಳುಗಳ ಮೇಲೆ ಆಸೆ ಇಟ್ಟುಕೊಳ್ಳದೆ, ಟ್ರೇ, ಮೇವು, ಮೊಟ್ಟೆ ಡಬ್ಬ ಎಲ್ಲವನ್ನೂ ವಿಲೇವಾರಿ ಮಾಡಿ, ಪೆಟ್ಟಿಗೆಯನ್ನು ಬ್ಲೀಚ್ ದ್ರಾವಣದಿಂದ ತೊಳೆದು ಒಣಗಿಸಿ. ಮುಂದಿನ ಬಾರಿ ಈ ವೈರಸ್ಸನ್ನು ಹೆಚ್ಚು ತಡೆದುಕೊಳ್ಳುವ ಪಟ್ಟೆ ಚಿಮ್ಮಂಡೆಗಳಿಂದ, ಅಂದರೆ ಗ್ರಿಲ್ಲೋಡ್ಸ್ ಸಿಗಿಲ್ಲಾಟಸ್ ಜಾತಿಯಿಂದ, ಆರಂಭಿಸಿ. ಅವು ಚುರುಕು, ಜಿಗಿತವೂ ಜೋರು, ಆದ್ದರಿಂದ ಎತ್ತರದ ಪೆಟ್ಟಿಗೆ ಬೇಕು.

ಪ್ರಶ್ನೆ: ನಮ್ಮ ತೋಟದಲ್ಲಿ ಗೋಸುಂಬೆಯೊಂದು ಸಿಕ್ಕಿದೆ. ಪಂಜರದಲ್ಲಿಟ್ಟು ಗದ್ದೆಯ ಚಿಮ್ಮಂಡೆ ಹಿಡಿದು ತಿನ್ನಿಸಿದರೆ ಬದುಕುತ್ತದೆಯೇ?
— ಒಬ್ಬ ವಿದ್ಯಾರ್ಥಿ, ಹಾಸನ ಜಿಲ್ಲೆ

ಉತ್ತರ: ಇಡಬೇಡಿ. ಗೋಸುಂಬೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅದನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧ. ನಕ್ಷತ್ರ ಆಮೆ, ಉಡ, ಹಾವುಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲದೆ ಗದ್ದೆಯ ಹುಳುಗಳ ಮೈಯಲ್ಲಿ ಸಿಂಪಡಿಸಿದ ಕೀಟನಾಶಕ ಇರಬಹುದು. ಗೋಸುಂಬೆ ಆರೋಗ್ಯವಾಗಿದ್ದರೆ ಇಂದೇ, ಬಿಸಿಲು ಇಳಿಯುವ ಮೊದಲು, ಸಿಕ್ಕಿದ ಜಾಗದ ಗಿಡದ ಮೇಲೆಯೇ ಬಿಟ್ಟುಬಿಡಿ. ಗಾಯವಾಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಲುಪಿಸಿ.