ಎರೆ ಮಣ್ಣಿನ ಕೈತೋಟದಲ್ಲಿ ದೀಪದ ಕಂಬ

ಪ್ರಶ್ನೆ: ಜೇವರ್ಗಿ ರಸ್ತೆ ಕಡೆಯ ಹೊಸ ಬಡಾವಣೆಯಲ್ಲಿ ನಮ್ಮ ಮನೆ. ಗೇಟಿನಿಂದ ಬಾಗಿಲಿಗೆ 40 ಅಡಿ ದಾರಿ, ಎರಡೂ ಕಡೆ ಕೈತೋಟ. ಅತ್ತೆಯವರಿಗೆ ಕಣ್ಣು ಮಂಜು. ಸಂಜೆ ತುಳಸಿ ಕಟ್ಟೆಗೆ ದೀಪ ಇಡಲು ಹೋದರೆ ನಮಗೆ ಭಯ. ನಾಲ್ಕು ಕಬ್ಬಿಣದ ದೀಪದ ಕಂಬ ನಿಲ್ಲಿಸಬೇಕು ಅಂತಿದ್ದೇವೆ. ಒಂದೂವರೆ ಅಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿದರೆ ಸಾಕು, ಎಲ್‌ಇಡಿ ಆದ್ದರಿಂದ ಅರ್ಥಿಂಗ್ ಬೇಡ ಎಂದು ಕೆಲಸದವರು ಹೇಳುತ್ತಾರೆ. ಆದರೆ ಪಕ್ಕದ ಮನೆಯ ಕಂಬಗಳು ಒಂದೇ ಮಳೆಗಾಲಕ್ಕೆ ವಾಲಿವೆ. ಏನು ಮಾಡೋಣ?
– ಓದುಗರೊಬ್ಬರು, ಕಲಬುರಗಿ

ಉತ್ತರ: ತಂಗಿ, ಅರ್ಥಿಂಗ್ ಬೇಡ ಎನ್ನುವವರ ಕೈಗೆ ಈ ಕೆಲಸ ಕೊಡಲೇಬೇಡಿ. ದೀಪ ಎಲ್‌ಇಡಿ ಇರಬಹುದು, ಕಂಬ ಕಬ್ಬಿಣದ್ದು ಅಲ್ವಾ? ಒಳಗೆ ವೈರಿನ ಸಿಪ್ಪೆ ಸುಲಿದು ಕಂಬಕ್ಕೆ ತಾಗಿದರೆ ಇಡೀ ಕಂಬಕ್ಕೆ 230 ವೋಲ್ಟ್ ಬರುತ್ತದೆ. ಕಣ್ಣು ಕಾಣದವರು ನಡೆಯುವಾಗ ಮೊದಲು ಕೈ ಹಾಕುವುದೇ ಕಂಬಕ್ಕೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರತಿ ಕಂಬಕ್ಕೂ ಅರ್ಥಿಂಗಿನ ಹಸಿರು ವೈರು ಹೋಗಿ, ಕಂಬದ ಮೈಗೆ ಬೋಲ್ಟಿನಿಂದ ಬಿಗಿಯಾಗಿ ಕೂರಬೇಕು. ಮನೆಯೊಳಗಿನ ಬೋರ್ಡಿನಲ್ಲಿ ತೋಟದ ಲೈನಿಗೆ ಬೇರೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು), ಜೊತೆಗೆ ಕರೆಂಟು ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಒಂದೇ ಸಾಲದು. ಮನುಷ್ಯನ ಮೈಯಲ್ಲಿ ಹರಿಯುವ ಅಷ್ಟು ಸಣ್ಣ ಕರೆಂಟು ಅದರ ಲೆಕ್ಕಕ್ಕೇ ಬರುವುದಿಲ್ಲ. ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಇದೆಲ್ಲ ಆಗಲಿ.

ಇನ್ನು ಕಂಬ ವಾಲುವ ವಿಷಯ. ನಮ್ಮ ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಡುತ್ತದೆ. ಎಲ್ಲಾ ಕಡೆ ಒಂದೇ ಸಮ ಉಬ್ಬಿದರೆ ತೊಂದರೆ ಕಡಿಮೆ. ಆದರೆ ಕಂಬದ ಒಂದು ಮಗ್ಗುಲಿಗೆ ದಿನಾ ನೀರುಣಿಸುವ ಗುಲಾಬಿ, ಇನ್ನೊಂದು ಮಗ್ಗುಲಿಗೆ ಒಣ ನೆಲ ಇರುತ್ತದೆ. ಹಸಿ ಕಡೆಯ ಮಣ್ಣು ಏಳುತ್ತದೆ, ಕಂಬ ಒಣ ಕಡೆಗೆ ವಾಲುತ್ತದೆ. ಪಕ್ಕದವರ ಮನೆಯಲ್ಲೂ ಹೀಗೇ ಆಗಿರಬೇಕು, ಪಾತಿ ಯಾವ ಕಡೆ ಇದೆ ಎಂದು ಒಮ್ಮೆ ನೋಡಿ.

ಹಾಗಾಗಿ ಬರೀ ಆಳ ಹೆಚ್ಚಿಸಿದರೆ ಸಾಲದು, ಕಂಬದ ಸುತ್ತಲಿನ ಮಣ್ಣನ್ನೇ ಬದಲಿಸಬೇಕು. ಏಳಡಿ ಕಂಬಕ್ಕೆ ಎರಡಡಿ ಅಗಲ, ಎರಡಡಿ ಉದ್ದ, ಮೂರಡಿ ಆಳದ ಗುಂಡಿ ತೋಡಿಸಿ. ತಳಕ್ಕೆ ಅರ್ಧ ಅಡಿ ಮುರುಮ್ (ಗರಸು ಮಣ್ಣು) ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಿಸಿ. ಅದರ ಮೇಲೆ ಕಾಂಕ್ರೀಟ್. ಕೆಳಗೆ ಅಗಲ, ಮೇಲೆ ಬರುತ್ತಾ ಕಿರಿದು ಇರಲಿ. ಮೇಲೆ ಅಗಲವಾದರೆ ಉಬ್ಬುವ ಮಣ್ಣು ಅದನ್ನು ಎತ್ತಿಬಿಡುತ್ತದೆ. ಕಂಬವನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ. ನಾಲ್ಕು ಬೋಲ್ಟ್ ನಿಲ್ಲಿಸಿ, ಅದರ ಮೇಲೆ ಕಂಬದ ತಟ್ಟೆ ಕೂರಿಸಿ. ಮುಂದೆ ಸ್ವಲ್ಪ ವಾಲಿದರೂ ನಟ್ಟು ತಿರುಗಿಸಿ ನೆಟ್ಟಗೆ ಮಾಡಬಹುದು. ಗುಂಡಿಯ ಉಳಿದ ಜಾಗಕ್ಕೆ ತೋಡಿದ ಎರೆ ಮಣ್ಣು ಬೇಡವೇ ಬೇಡ, ಮುರುಮ್ ತುಂಬಿಸಿ ಗಟ್ಟಿಯಾಗಿ ಬಡಿಸಿ.

ಮುರುಮ್ ಗುಂಡಿಯೊಳಗೆ ಮಳೆ ನೀರು ನಿಂತರೆ ಪಟ್ಟ ಕಷ್ಟವೆಲ್ಲ ವ್ಯರ್ಥ. ಅದಕ್ಕೆ ಸುತ್ತ ಶಹಾಬಾದ್ ಫರ್ಸಿ ಹೊರಗಿಳಿಜಾರಾಗಿ ಹಾಸಿ, ಸಂದಿಗೆ ಸಿಮೆಂಟು ತುಂಬಿ. ನಮ್ಮ ಜಿಲ್ಲೆಯ ಕಲ್ಲು, ಸುಲಭಕ್ಕೆ ಸಿಗುತ್ತದೆ, ನೋಡಲೂ ಚೆಂದ. ಕಾಂಕ್ರೀಟಿಗೆ ಏಳು ದಿನ ಗೋಣಿತಟ್ಟು ಹೊದಿಸಿ ನೀರುಣಿಸಿ. ಈ ಬಿಸಿಲಿಗೆ ಅದನ್ನು ತಪ್ಪಿಸುವ ಹಾಗಿಲ್ಲ.

ಕೇಬಲ್ಲಿನ ಬಗ್ಗೆ ಜನ ಯೋಚಿಸುವುದೇ ಕಡಿಮೆ. ಎರೆ ಮಣ್ಣು ಸರಿಯುವಾಗ ಕೇಬಲ್ಲನ್ನೂ ಎಳೆಯುತ್ತದೆ. ಕಂಬ ನೆಟ್ಟಗಿದೆ, ಬಲ್ಬ್ ಚೆನ್ನಾಗಿದೆ, ದೀಪ ಮಾತ್ರ ಹತ್ತುವುದಿಲ್ಲ ಎಂಬ ದೂರಿಗೆ ನಾನು ಹೋದಾಗ, ವೈರು ಟರ್ಮಿನಲ್ಲಿನಿಂದ ಕಿತ್ತು ಬಂದಿದ್ದನ್ನು ನೋಡಿದ್ದೇನೆ. ಪ್ರತಿ ಕಂಬದ ಬುಡದಲ್ಲಿ ಒಂದೆರಡು ಅಡಿ ಕೇಬಲ್ ಸಡಿಲ ಸುತ್ತು ಬಿಡಿ. ತುಂಡು ತುಂಡು ಪಿವಿಸಿ ಪೈಪಿನ ಜಾಯಿಂಟು ಬಿಟ್ಟುಕೊಳ್ಳುತ್ತದೆ. ಸುರುಳಿಯಲ್ಲಿ ಬರುವ ಕಪ್ಪು ಎಚ್‌ಡಿಪಿಇ ಪೈಪ್ ಒಂದೇ ಉದ್ದಕ್ಕೆ ಎಳೆಯಿರಿ. ಒಳಗೆ ಮೂರು ಕೋರಿನ ಆರ್ಮರ್ಡ್ (ಲೋಹದ ಕವಚದ) ಕೇಬಲ್. ಎರಡೂವರೆ ಅಡಿ ಆಳ, ಮೇಲೆ ಮರಳು, ಮರಳಿನ ಮೇಲೆ ಒಂದು ಸಾಲು ಇಟ್ಟಿಗೆ. ನಾಳೆ ಯಾರಾದರೂ ಗುದ್ದಲಿ ಹಾಕಿದರೆ ಮೊದಲು ಇಟ್ಟಿಗೆ ಸಿಗಲಿ.

ನಾಲ್ಕು ಕಂಬ ಬೇಡ, 40 ಅಡಿಗೆ ಮೂರು ಸಾಕು. ತುಳಸಿ ಕಟ್ಟೆ ಹತ್ತಿರ ಒಂದು ಇರಲೇಬೇಕು. ತಲಾ 7 ವಾಟ್, 3000 ಕೆಲ್ವಿನ್ನಿನ ಹಳದಿ ಬೆಳಕು ತನ್ನಿ. ಬಿಳಿ ನೀಲಿ ಬೆಳಕಿಗೆ ಮಳೆಗಾಲದ ಹುಳಗಳು ಜಾಸ್ತಿ ಮುತ್ತುತ್ತವೆ. ಬೆಳಕು ಕೆಳಗೆ ಬೀಳುವಂಥ ಮುಚ್ಚಿಗೆ ಇರಲಿ, ಮಂಜುಗಣ್ಣಿಗೆ ಬರೀ ಬಲ್ಬ್ ಕಂಡರೆ ಕೋರೈಸುತ್ತದೆ. ದೀಪದ ಡಬ್ಬಿ ಐಪಿ65 (ದೂಳು, ಮಳೆ ನೀರು ಒಳಗೆ ಹೋಗದ್ದು), ಅಲ್ಯೂಮಿನಿಯಂ. ಪ್ಲಾಸ್ಟಿಕ್ ನಮ್ಮ ಬಿಸಿಲಿಗೆ ಪುಡಿಯಾಗುತ್ತದೆ.

ಪ್ರಶ್ನೆ: ನಮ್ಮ ಅಂಗಳದಲ್ಲಿ ಒಂದಡಿ ತೋಡಿದರೆ ಕೆಂಪು ಜಂಬಿಟ್ಟಿಗೆ ಕಲ್ಲು ಸಿಗುತ್ತದೆ. ನಮಗೂ ದೊಡ್ಡ ಗುಂಡಿ ಬೇಕೇ?
– ಓದುಗರೊಬ್ಬರು, ಬೀದರ್

ಉತ್ತರ: ಬೇಡ ಅಣ್ಣ. ನಿಮ್ಮ ಊರಿನ ಕೋಟೆಯ ಕಂದಕವನ್ನೇ ಆ ಕಲ್ಲಿನಲ್ಲಿ ಕೊರೆದಿದ್ದಾರೆ, ಅದು ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಗಟ್ಟಿ ಕಲ್ಲು ಸಿಕ್ಕಿದರೆ ಒಂದೂವರೆ ಅಡಿ ಸಾಕು. ನಿಮ್ಮ ಕಷ್ಟ ಅರ್ಥಿಂಗಿನದು. ಒಣ ಜಂಬಿಟ್ಟಿಗೆಯಲ್ಲಿ ಕರೆಂಟು ಸುಲಭವಾಗಿ ನೆಲಕ್ಕೆ ಇಳಿಯುವುದಿಲ್ಲ. ಮನೆಯ ಅರ್ಥಿಂಗ್ ಎಷ್ಟು ಓಮ್ ಇದೆ ಎಂದು ಮೊದಲು ಮೀಟರ್ ಇಟ್ಟು ಅಳೆಸಿ. ಜಾಸ್ತಿ ಬಂದರೆ ಇನ್ನೊಂದು ಗುಂಡಿ ಆಳವಾಗಿ ಕೊರೆಸಿ, ಇದ್ದಿಲು ಉಪ್ಪು ತುಂಬಿಸಿ ಎರಡನ್ನೂ ಜೋಡಿಸಿ. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುತ್ತಿರಿ. ಆರ್‌ಸಿಸಿಬಿ ನಿಮಗೂ ಬೇಕೇ ಬೇಕು.