ಸಿನಿಮಾ ಹಾಡು ಬಿಟ್ಟು ಕೇಳೋದಾದ್ರೆ ಕದ್ರಿಯವರಿಂದ ಶುರು ಮಾಡಿ

ಇಷ್ಟು ದಿನ ಬರೀ ಸಿನಿಮಾ ಹಾಡು ಕೇಳಿದ್ದೀನಿ, ನಿಮಗಿಷ್ಟದ ಬ್ಯಾಂಡು, ಕಲಾವಿದರ ಹೆಸರು ಹೇಳಿ, ಯಾವ ಶೈಲಿಯಾದರೂ ಸರಿ ಅಂದಿದ್ದೀರಿ. ನನ್ನದು ಸ್ವಲ್ಪ ಕಲಸುಮೇಲೋಗರದ ರುಚಿ, ನೋಡಿ.

ಮೊದಲು ಕದ್ರಿ ಗೋಪಾಲನಾಥ್, ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿದವರು. ಸ್ಯಾಕ್ಸೊಫೋನ್ ಅಂದ್ರೆ ಮದುವೆ ಮನೆ ವಾದ್ಯ ಅಂತ ಮೂಗು ಮುರಿಯಬೇಡಿ. ಬಿಡಿಬಿಡಿ ಕೀಗಳಿರುವ ಆ ವಾದ್ಯದಲ್ಲಿ ಗಮಕ, ಅಂದ್ರೆ ಸ್ವರವನ್ನ ಜಾರಿಸಿ ತೂಗಿಸುವ ಬಳುಕು, ತರುವುದು ಸುಲಭವಲ್ಲ. ಅವರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವಾಗ ಬೆರಳು ಯಾವಾಗ ಎತ್ತಿದರು ಅನ್ನೋದೇ ಗೊತ್ತಾಗುವುದಿಲ್ಲ. ತಂದೆ ನಾಗಸ್ವರ ನುಡಿಸುತ್ತಿದ್ದವರು, ಆ ಗಾಳಿ ಇಲ್ಲೂ ಇದೆ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲೂ ನುಡಿಸಿದ್ದರು.

ಹಿಂದೂಸ್ತಾನಿ ಗಾಯನದಲ್ಲಿ ನನಗೆ ಮಲ್ಲಿಕಾರ್ಜುನ ಮನ್ಸೂರರೇ. ಆಲಾಪ (ತಾಳವಿಲ್ಲದೆ ರಾಗ ಬಿಡಿಸುವುದು) ಜಾಸ್ತಿ ಎಳೆಯದೆ ಬೇಗ ಬಂದಿಶ್‌ಗೆ, ಅಂದ್ರೆ ತಾಳಕ್ಕೆ ಕೂರಿಸಿದ ಹಾಡಿಗೆ, ಬರುತ್ತಾರೆ. ತಾನ್ (ಸ್ವರಗಳ ವೇಗದ ಓಟ) ಎಲ್ಲೆಲ್ಲೋ ಸುತ್ತಿ ಸಮ್‌ಗೆ, ಅಂದ್ರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂರುವ ಗಳಿಗೆಗೆ ಕಾಯಿರಿ, ಮಜಾ ಅಲ್ಲಿದೆ.

ಇವೆರಡೂ ಭಾರ ಅನ್ನಿಸಿದರೆ ಜಾಝ್ ಮತ್ತು ನಮ್ಮ ಶಾಸ್ತ್ರೀಯ ಸಂಗೀತ ಬೆರೆಸಿದ 'ಶಕ್ತಿ' ಬ್ಯಾಂಡ್ ಕೇಳಿ, 1970ರ ದಶಕದ ಮೊದಲ ತಂಡದ್ದು. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. 2024ರಲ್ಲಿ ಗ್ರ್ಯಾಮಿ ಬಂದಿದ್ದು ಹೊಸ ತಂಡಕ್ಕೆ. ಚೆನ್ನಾಗೇ ಇದೆ, ಆದರೆ 1970ರ ದಶಕದ ಆ ಹುರುಪೇ ಬೇರೆ.

ರಘು ದೀಕ್ಷಿತ್ ನಿಮಗೆ ಗೊತ್ತೇ ಇರುತ್ತಾರೆ. ಅವರು ಹಾಡಿದ ಶರೀಫರ ಪದಗಳನ್ನ ಸಿ. ಅಶ್ವಥ್ ಹಾಡಿದ್ದರ ಪಕ್ಕದಲ್ಲಿಟ್ಟು ಕೇಳಿ. ನನ್ನ ಓಟು ಅಶ್ವಥ್‌ಗೇ, ಜಗಳಕ್ಕೆ ಬರಬೇಡಿ!

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾನೂ ಇಷ್ಟ. ಅದು ಮಾತ್ರ ಮನೆಯಲ್ಲಿ ಹೆಡ್‌ಫೋನ್ ಹಾಕ್ಕೊಂಡೇ.

ಅಂದಹಾಗೆ, ಸಿನಿಮಾದಲ್ಲಿ ನಿಮಗೆ ಯಾರ ಸಂಗೀತ ಇಷ್ಟ? ಹೇಳಿದರೆ ಇನ್ನೊಂದೆರಡು ಹೆಸರು ಕೊಡ್ತೀನಿ.