ಓದುಗರ ಪ್ರಶ್ನೆ: 180ಕ್ಕೆ ಸಿಡಿಯುವುದನ್ನು 110ರಲ್ಲಿ ನಂಬಬಹುದೇ?

ಪ್ರಶ್ನೆ: ನೈಟ್ರೊ ಇಂಟರ್‌ಮೀಡಿಯೆಟ್ (ತಯಾರಿಕೆಯ ನಡುಹಂತದ ಪದಾರ್ಥ) ಒಂದನ್ನು ನಾವು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಡಿಸ್ಟಿಲ್ ಮಾಡುತ್ತೇವೆ. ಡಿಎಸ್‌ಸಿ (ಮಾಲನ್ನು ಕಾಯಿಸುತ್ತ ಅದರ ಶಾಖ ಅಳೆಯುವ ಪರೀಕ್ಷೆ) ವರದಿಯಲ್ಲಿ ವಿಘಟನೆ 180ಕ್ಕೆ ಶುರು ಎಂದಿದೆ. 70 ಡಿಗ್ರಿ ಅಂತರ ಸಾಕಲ್ಲವೇ? (ಶಿಫ್ಟ್ ಇನ್‌ಚಾರ್ಜ್, ಬೀದರ್)

ಉತ್ತರ: ಅಷ್ಟರಿಂದಲೇ ಸಾಕು ಎನ್ನಲಾಗದು. 180 ಎಂಬುದು ನಿಮ್ಮ ಪದಾರ್ಥದ ಗುಣವಲ್ಲ, ಅದರ ಶಾಖವು ಯಂತ್ರದ ಕಣ್ಣಿಗೆ ಬಿದ್ದ ಜಾಗ. ನಿಮಿಷಕ್ಕೆ 10 ಡಿಗ್ರಿಯ ಬದಲು 2 ಡಿಗ್ರಿಯಂತೆ ಕಾಯಿಸಿದರೆ ಅದೇ ಪದಾರ್ಥ 20 ಡಿಗ್ರಿ ಕೆಳಗೇ ಶಾಖ ತೋರಬಹುದು.

ಒಂದು ಅಂದಾಜು ಲೆಕ್ಕ ಹಾಕಿ ನೋಡಿ. 180ರಲ್ಲಿ ಕೆಜಿಗೆ 10 ವ್ಯಾಟ್ ಶಾಖ ಬರುತ್ತಿದೆ, ಪ್ರತಿ 10 ಡಿಗ್ರಿಗೆ ವೇಗ ಅರ್ಧವಾಗುತ್ತದೆ ಎಂದುಕೊಳ್ಳೋಣ. 110ಕ್ಕೆ ಇಳಿದಾಗ ಅದು 128ನೇ ಒಂದು ಭಾಗ, ಅಂದರೆ 0.08 ವ್ಯಾಟ್. ಕೇಳಲು ಅಲ್ಪ. ಆದರೆ ಕಲಕುವ ಯಂತ್ರ ನಿಂತು, ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ಮೊದಲು ಗಂಟೆಗೆ 0.14 ಡಿಗ್ರಿ ಏರುತ್ತದೆ, ಏರಿದಷ್ಟೂ ವೇಗ ಹೆಚ್ಚುತ್ತದೆ, ನಾಲ್ಕು ದಿನ ದಾಟುತ್ತಲೇ ಕೈಮೀರುತ್ತದೆ. ಸ್ಟೀಮ್ ವಾಲ್ವ್ ಸೋರಿ 130 ಆಯಿತೆನ್ನಿ: ಆಗ ಉಳಿಯುವುದು ಒಂದೇ ದಿನ. ಶನಿವಾರ ರಾತ್ರಿ ಬ್ಯಾಚ್ ನಿಲ್ಲಿಸಿ ಹೋಗುವ ಕಾರ್ಖಾನೆಗೆ ಅದು ಸಾಲದು. ತನ್ನ ವಿಘಟನೆಯನ್ನು ತಾನೇ ಚುರುಕುಗೊಳಿಸಿಕೊಳ್ಳುವ ಪದಾರ್ಥವಾದರೆ ಈ ಲೆಕ್ಕವೂ ನಿಲ್ಲದು, ನೈಟ್ರೊ ಸಂಯುಕ್ತಗಳಲ್ಲಿ ಅಂಥವು ಹಲವು. ಅದಕ್ಕೆ ಒಂದೇ ತಾಪದಲ್ಲಿ ಗಂಟೆಗಟ್ಟಲೆ ಇಟ್ಟು ನೋಡುವ ಪರೀಕ್ಷೆ ಬೇಕು.

ಇನ್ನೊಂದು ಮಾತು: ಪರೀಕ್ಷೆಗೆ ಕಳಿಸಿದ್ದು ಶುದ್ಧ ಮಾಲೇ? ಡಿಸ್ಟಿಲೇಷನ್ ಮುಗಿದಾಗ ತಳದಲ್ಲಿ ಉಳಿಯುವ ಕಪ್ಪು, ಅಂಟು ರೆಸಿಡ್ಯೂವನ್ನೇ ಕಳಿಸಿ. ಹೆಚ್ಚು ಹೊತ್ತು ಬೇಯುವುದು ಅದೇ.

ಪ್ರಶ್ನೆ: ಡಿಎಸ್‌ಸಿ ಇದ್ದಮೇಲೆ ಎಆರ್‌ಸಿ ಎಂಬ ಇನ್ನೊಂದು ಶಾಖಪರೀಕ್ಷೆ ಏಕೆ? (ಎಂ.ಎಸ್ಸಿ. ವಿದ್ಯಾರ್ಥಿನಿ)

ಉತ್ತರ: ಡಿಎಸ್‌ಸಿಯಲ್ಲಿ ಕೆಲವೇ ಮಿಲಿಗ್ರಾಂ ಇಟ್ಟು ಹೊರಗಿನಿಂದ ಕಾಯಿಸುತ್ತೇವೆ. ಎಆರ್‌ಸಿಯಲ್ಲಿ ಕೆಲವು ಗ್ರಾಂ. ಸಾಮಾನ್ಯವಾಗಿ 5 ಡಿಗ್ರಿ ಕಾಯಿಸು, ಕಾದು ನೋಡು, ನಿಮಿಷಕ್ಕೆ 0.02 ಡಿಗ್ರಿ ತಾನಾಗಿ ಏರುತ್ತಿದೆಯೇ ಹುಡುಕು. ಏರಿದರೆ ಸುತ್ತಲಿನ ಕುಲುಮೆ ಅದೇ ತಾಪಕ್ಕೆ ಬಂದು ಶಾಖ ಹೊರಹೋಗದಂತೆ ತಡೆಯುತ್ತದೆ. ಒತ್ತಡವೂ ದಾಖಲಾಗುತ್ತದೆ.

ತಪ್ಪಾಗುವುದು ಫೈ ಅಂಶದಲ್ಲಿ, ಅಂದರೆ ಮಾಲು ಇಟ್ಟ ಗೋಳವೂ ಶಾಖ ಹೀರುವುದರಿಂದ ಏರಿಕೆ ಎಷ್ಟು ಪಟ್ಟು ಕಡಿಮೆ ಕಾಣುತ್ತದೆ ಎಂಬ ಲೆಕ್ಕದಲ್ಲಿ. 20 ಗ್ರಾಂ ಟೈಟಾನಿಯಂ ಗೋಳದ ಶಾಖಧಾರಣೆ ಡಿಗ್ರಿಗೆ 10.4 ಜೂಲ್, ಒಳಗಿನ 4 ಗ್ರಾಂ ದ್ರವದ್ದು 8 ಎಂದರೆ ಫೈ 2.3. ಪರೀಕ್ಷೆಯಲ್ಲಿ 80 ಡಿಗ್ರಿ ಏರಿದ್ದು ರಿಯಾಕ್ಟರಿನಲ್ಲಿ 184ರ ಹತ್ತಿರ. ಆ ಎತ್ತರದಲ್ಲಿ ಎರಡನೇ ಕ್ರಿಯೆಯೊಂದು ಕಾದಿದ್ದರೆ ಗೋಳಕ್ಕೆ ಅದು ಕಾಣುವುದೇ ಇಲ್ಲ. ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನ ಟಿ2 ಲ್ಯಾಬೊರೇಟರೀಸ್‌ನಲ್ಲಿ 2007ರ ಡಿಸೆಂಬರ್ 19ರಂದು ತಂಪು ನೀರು ಕೈಕೊಟ್ಟಾಗ ರಿಯಾಕ್ಟರ್ ಏರಿ ಮುಟ್ಟಿದ್ದು ಇಂಥದ್ದೇ ಎರಡನೇ ಕ್ರಿಯೆಯನ್ನು: 199 ಡಿಗ್ರಿ ಮೀರಿದರೆ ಸೋಡಿಯಂ ಡೈಗ್ಲೈಮ್ ದ್ರಾವಕವನ್ನೇ ಹಿಡಿಯುತ್ತಿತ್ತು. 4 ಜನ ಸತ್ತರು, 32 ಜನ ಗಾಯಗೊಂಡರು. ಆಮೇಲೆ ನಡೆದ ತನಿಖೆಯ ಉಷ್ಣಮಾಪನದಲ್ಲಿ ಅದು ಸ್ಪಷ್ಟವಾಗಿ ಕಂಡಿತು. ಆದ್ದರಿಂದ ಪ್ರಕ್ರಿಯೆಯ ತಾಪಕ್ಕೇ ಪರೀಕ್ಷೆ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ಡಿಎಸ್‌ಸಿ ರೇಖೆಯಲ್ಲಿ ಶಾಖ ಹೀರಿದ ತಗ್ಗು ಮಾತ್ರ ಇದೆ. ಅಪಾಯವಿಲ್ಲ ತಾನೇ?

ಉತ್ತರ: ಮುಚ್ಚಳಕ್ಕೆ ತೂತಿರುವ ಅಲ್ಯೂಮಿನಿಯಂ ಕಪ್ಪಿನಲ್ಲಿ ಇಟ್ಟಿರಬೇಕು, ಮಾಲು ಆವಿಯಾಗಿ ಹೋಗಿದೆ, ವಿಘಟನೆ ಅದರಡಿ ಮುಚ್ಚಿಹೋಗಿದೆ. ಚಿನ್ನದ ಲೇಪದ, ಒತ್ತಡ ತಡೆಯುವ ಉಕ್ಕಿನ ಕಪ್ಪು ಬಳಸಿ, ಗುರುತಿಲ್ಲದ ಪದಾರ್ಥವಾದರೆ 1-2 ಮಿಲಿಗ್ರಾಂ ಸಾಕು. ಪರೀಕ್ಷೆಗೆ ಮುಂಚೆ, ನಂತರ ಎರಡೂ ಸಲ ತೂಗಿ. ತೂಕ ಇಳಿದಿದ್ದರೆ ಕಪ್ಪು ಸೋರಿದೆ, ಆ ರೇಖೆಯನ್ನು ಫೈಲಿಗೆ ಸೇರಿಸಬೇಡಿ.